ಸಹಾಯ ಬೇಕು: ಹಳೇ ಆಂಪ್ಲಿಫೈಯರ್ ಬಿಟ್ಟು ಆಕ್ಟಿವ್ ಸ್ಪೀಕರ್‌ಗೆ ಹೋಗಬೇಕು

ಎಲ್ಲರಿಗೂ ನಮಸ್ಕಾರ. ಧಾರವಾಡದ ನಮ್ಮ ಮನೆಯಲ್ಲಿ ಅಪ್ಪನ ಕಾಲದ ಆಂಪ್ಲಿಫೈಯರ್‌ನ ಎಡ ಚಾನೆಲ್ ಹೋಗಿದೆ. ಎರಡು ಸಲ ರಿಪೇರಿ ಮಾಡಿಸಿದೆ, ತಿಂಗಳೊಳಗೆ ಮತ್ತೆ ಅದೇ ಕಥೆ. ಈ ಸಲ ಆಂಪ್ಲಿಫೈಯರ್ ಒಳಗೇ ಇರುವ ಆಕ್ಟಿವ್ ಸ್ಪೀಕರ್ ತೆಗೆದುಕೊಳ್ಳುವುದೆಂದು ನಿರ್ಧರಿಸಿದ್ದೇನೆ.

ಕೇಳುವುದು ಹೆಚ್ಚಾಗಿ ಹಿಂದೂಸ್ತಾನಿ ಗಾಯನ. ಮಲ್ಲಿಕಾರ್ಜುನ ಮನ್ಸೂರ್, ಗಂಗೂಬಾಯಿ ಹಾನಗಲ್ ಅವರ ಎಲ್‌ಪಿಗಳು, ಜೊತೆಗೆ ಲ್ಯಾಪ್‌ಟಾಪ್‌ನಲ್ಲಿರುವ ಫೈಲುಗಳು. ತಂಬೂರಿಯ ನಾದ ಕೋಣೆ ತುಂಬಬೇಕು, ತಬಲಾ ಜೋಡಿಯ ಡಗ್ಗಾ ಮಾತ್ರ ಗುಂಯ್ ಎನ್ನಬಾರದು. ನನಗೆ ಇದೇ ಮುಖ್ಯ.

ಕೋಣೆ 12 ಅಡಿಗೆ 11 ಅಡಿ. ಮನಸ್ಸು ಯಮಹಾ ಎಚ್‌ಎಸ್7 ಮೇಲಿದೆ: 6.5 ಇಂಚಿನ ವೂಫರ್‌ಗೆ (ಮಂದ್ರ ಸದ್ದಿನದು) 60 ವ್ಯಾಟ್, ಟ್ವೀಟರ್‌ಗೆ (ತಾರ ಸದ್ದಿನದು) 35 ವ್ಯಾಟ್, ಎರಡಕ್ಕೂ ಬೇರೆ ಬೇರೆ ಆಂಪ್ ಒಳಗೇ ಇದೆ. ಆದರೆ ಬಾಸ್ ಪೋರ್ಟ್ (ಮಂದ್ರ ಸದ್ದು ಹೊರಬರುವ ತೂತು) ಹಿಂಬದಿಗೆ, ನನ್ನಲ್ಲಿ ಗೋಡೆಗೆ ಒಂದೇ ಅಡಿ ಜಾಗ, ಹಾಗಾಗಿ ಬಾಸ್ ಹೆಚ್ಚಾದೀತೆಂಬ ಅಳುಕು. ರೂಮ್ ಕಂಟ್ರೋಲ್ ಸ್ವಿಚ್ 500 ಹರ್ಟ್ಜ್‌ಗಿಂತ ಕೆಳಗಿನ ಸದ್ದನ್ನು 2 ಇಲ್ಲವೇ 4 ಡೆಸಿಬೆಲ್ ತಗ್ಗಿಸುತ್ತದೆ. ಇಷ್ಟು ಚಿಕ್ಕ ಕೋಣೆಯಲ್ಲಿ ಅಷ್ಟು ಸಾಕಾಗುತ್ತದೆಯೇ? ಬಳಸಿದವರು ದಯವಿಟ್ಟು ಹೇಳಿ. ಇಲ್ಲವೇ 5 ಇಂಚಿನ ಎಚ್‌ಎಸ್5 ಒಳ್ಳೆಯದೇ?

ಇನ್ನೊಂದು ತೊಡಕು ವಾಲ್ಯೂಮ್. ಎರಡೂ ಸ್ಪೀಕರ್‌ನ ಹಿಂದೆ ಒಂದೊಂದು ಗುಂಡಿ, ದಿನವೂ ಎರಡನ್ನೂ ತಿರುಗಿಸುತ್ತಾ ಕೂರಲಾಗದು. ಎಲ್‌ಪಿ ಪ್ಲೇಯರ್‌ನ ಸಣ್ಣ ಸಿಗ್ನಲ್ ಹಿಗ್ಗಿಸುವ ಫೋನೋ ಸ್ಟೇಜ್ ಹಳೇ ಆಂಪ್‌ನೊಳಗೇ ಇತ್ತು, ಈಗ ಅದೂ ಬೇರೆ ಬೇಕು. ಫೋನೋ ಸ್ಟೇಜ್ ಮತ್ತು ಡ್ಯಾಕ್ (ಲ್ಯಾಪ್‌ಟಾಪ್‌ನ ಡಿಜಿಟಲ್ ಸದ್ದನ್ನು ಅನಲಾಗ್ ಸಿಗ್ನಲ್ ಮಾಡುವ ಸಾಧನ) ಎರಡನ್ನೂ ವಾಲ್ಯೂಮ್ ಗುಂಡಿ ಇರುವ ಒಂದು ಪ್ರೀಆಂಪ್‌ಗೆ ಜೋಡಿಸಿ ಅಲ್ಲಿಂದ ಸ್ಪೀಕರ್‌ಗೆ ಕೊಡುವುದೇ ಸರಿಯೇ? ಎಚ್‌ಎಸ್7ಗೆ ಆರ್‌ಸಿಎ (ಮನೆಯ ಆಡಿಯೋ ಸಾಧನಗಳಲ್ಲಿರುವ ಸಾಮಾನ್ಯ ಜ್ಯಾಕ್) ಇಲ್ಲ. ಆರ್‌ಸಿಎಯಿಂದ ಟಿಆರ್‌ಎಸ್‌ಗೆ (ಸ್ಪೀಕರ್‌ನ ಕಾಲು ಇಂಚಿನ ಜ್ಯಾಕ್) ಮೂರು ಮೀಟರ್ ಕೇಬಲ್ ಎಳೆದರೆ ಹಮ್ (ಕರೆಂಟಿನ ಗುಂಯ್ ಸದ್ದು) ಬರುತ್ತದೆಯೇ?

ಎಲ್ಲಾ ಸೇರಿ 75 ಸಾವಿರದೊಳಗೆ ಮುಗಿಯಬೇಕು. ಹುಬ್ಬಳ್ಳಿ-ಧಾರವಾಡದಲ್ಲಿ ಯಾರ ಮನೆಯಲ್ಲಾದರೂ ಎಚ್‌ಎಸ್7 ಇದ್ದರೆ, ಒಂದು ಎಲ್‌ಪಿ ತಂದು ಕೇಳಿ ಹೋಗಲೇ?