ಹುತ್ತದ ಅಣಬೆಯನ್ನು ತಿನ್ನಬಹುದೇ?

ಪ್ರಶ್ನೆ (ಕಲಘಟಗಿ): ಮುಂಗಾರು ಹಿಡಿದ ಮೇಲೆ ನಮ್ಮ ಹೊಲದ ಬದುವಿನ ಹುತ್ತದ ಸುತ್ತ ಅಣಬೆಗಳು ಎದ್ದಿವೆ. ಜೊತೆಗೆ ಹಾಕಿ ಕುದಿಸಿದ ಬೆಳ್ಳಿ ನಾಣ್ಯ ಕಪ್ಪಾಗದಿದ್ದರೆ ತಿನ್ನಬಹುದು ಎಂದು ಹಿರಿಯರು ಹೇಳುತ್ತಾರೆ. ಇದನ್ನು ನಂಬಬಹುದೇ? ಸಗಣಿಯ ಮೇಲೆ ಏಳುವ ಅಣಬೆಗೆ ಔಷಧಿ ಗುಣವಿದೆ ಎಂಬುದು ನಿಜವೇ?

ಉತ್ತರ (ಧಾರವಾಡ): ದಯವಿಟ್ಟು ನಂಬಬೇಡಿ. ಅಮನಿಟಾ ಕುಲದ ಕೆಲವು ಅಣಬೆಗಳಲ್ಲಿರುವ ಅಮಟಾಕ್ಸಿನ್ ವಿಷವು ಬೆಳ್ಳಿಯನ್ನು ಕಪ್ಪಾಗಿಸುವುದಿಲ್ಲ, ಕುದಿಸಿದರೂ ನಾಶವಾಗುವುದಿಲ್ಲ. ತಿಂದು ಸಾಮಾನ್ಯವಾಗಿ 6ರಿಂದ 12 ತಾಸುಗಳಾದ ಬಳಿಕ ವಾಂತಿಭೇದಿ ಆರಂಭವಾಗಿ, ನಡುವೆ ಹುಷಾರಾದಂತೆ ತೋರಿ, ಆಮೇಲೆ ಯಕೃತ್ತು ಕೆಡುತ್ತದೆ. ಆ ನಡುವಿನ ನೆಮ್ಮದಿಯೇ ಜನರನ್ನು ಮೋಸಗೊಳಿಸುವುದು. ಗೆದ್ದಲುಗಳು ಸಾಕುವ ಟರ್ಮಿಟೊಮೈಸಿಸ್ ಅಣಬೆಯ ಕಾಂಡ ಬೇರಿನಂತೆ ಹುತ್ತದೊಳಗೆ ಇಳಿದಿರುತ್ತದೆ, ಅದು ಉತ್ತಮ ಆಹಾರವೇ ಸರಿ. ಆದರೆ ಹುತ್ತದ ಪಕ್ಕ ಎದ್ದದ್ದೆಲ್ಲ ಅದೇ ಆಗಿರಬೇಕಿಲ್ಲ.

ಉತ್ತರ (ಹಾನಗಲ್): ಸಗಣಿಯ ಅಣಬೆಗಳಲ್ಲಿ ಕೆಲವುಗಳಲ್ಲಿ ಸಿಲೊಸೈಬಿನ್ ಎಂಬ ರಾಸಾಯನಿಕ ಇದ್ದು, ಅದು ದೇಹದಲ್ಲಿ ಸಿಲೊಸಿನ್ ಆಗಿ ಮಾರ್ಪಟ್ಟು ಭ್ರಮೆ ತರುತ್ತದೆ. ಖಿನ್ನತೆಗೆ ಅದರ ಉಪಯೋಗವನ್ನು ವಿದೇಶಗಳಲ್ಲಿ ವೈದ್ಯರ ನಿಗಾದಲ್ಲಿ ಪರೀಕ್ಷಿಸುತ್ತಿದ್ದಾರೆ ನಿಜ, ಆದರೆ ಹೊಲದಲ್ಲಿ ಕಿತ್ತು ತಿನ್ನುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ನಮ್ಮಲ್ಲಿ 1985ರ ಮಾದಕ ವಸ್ತು ಕಾಯ್ದೆಯೂ ಅಡ್ಡ ಬರುತ್ತದೆ.

ಉತ್ತರ (ಹುಬ್ಬಳ್ಳಿ): ಗುರುತಿಸಲು ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಸಸ್ಯರೋಗಶಾಸ್ತ್ರ ವಿಭಾಗದವರನ್ನು ಕೇಳಿರಿ. ತಿಂದಮೇಲೆ ಹೊಟ್ಟೆ ಕೆಟ್ಟರೆ, ಉಳಿದ ಅಣಬೆಯನ್ನು ಕಾಗದದಲ್ಲಿ ಸುತ್ತಿಕೊಂಡು ತಕ್ಷಣ ಆಸ್ಪತ್ರೆಗೆ ಹೋಗಿರಿ.