ಅಪ್‌ಡೇಟ್: ದೋಣಿಯ ಬ್ಯಾಟರಿ ಈಗ ಚಾರ್ಜ್ ಆಗ್ತಿದೆ

ತುಂಗಭದ್ರೆಯಲ್ಲಿ ಓಡಿಸುವ ನಮ್ಮ ಡೀಸೆಲ್ ದೋಣಿಯ ಬ್ಯಾಟರಿ, ಎಂಜಿನ್ ಎಷ್ಟು ಹೊತ್ತು ಓಡಿದರೂ ಚಾರ್ಜ್ ಆಗ್ತಿಲ್ಲ ಅಂತ ಕೇಳಿದ್ದೆ. ಬ್ಯಾಟರಿ ಬದಲಿಸಿ ಅಂದವರೇ ಜಾಸ್ತಿ. ಬ್ಯಾಟರಿ ಚೆನ್ನಾಗಿಯೇ ಇತ್ತು!

ಹಾವೇರಿಯಲ್ಲಿ ಟ್ರ್ಯಾಕ್ಟರ್ ವೈರಿಂಗ್ ಮಾಡುವ ಪರಿಚಯದ ಅಣ್ಣ ಬಂದು ನೋಡಿದರು. ಎಂಜಿನ್ ಓಡುವಾಗ, ಕರೆಂಟ್ ತಯಾರಿಸಿ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್‌ನಲ್ಲಿ 14.2 ವೋಲ್ಟ್, ಬ್ಯಾಟರಿಯಲ್ಲಿ ಬರೀ 12.5. ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಎಂಜಿನ್ ಮೈಗೆ ಇಟ್ಟರು. 1.6 ವೋಲ್ಟ್ ಅಲ್ಲೇ ಕಳೆದುಹೋಗ್ತಿತ್ತು. ಅಂದ್ರೆ ದೋಷ ಇವೆರಡನ್ನೂ ಜೋಡಿಸುವ ಅರ್ಥ್ ವೈರಿನದು. ಹೊರಗಿನಿಂದ ಅದಕ್ಕೇನೂ ಆಗಿರಲಿಲ್ಲ. ಲಗ್ (ವೈರಿನ ತುದಿಯ ಲೋಹದ ಬಳೆ) ಹತ್ತಿರ ಸಿಪ್ಪೆ ಸುಲಿದರೆ ತಾಮ್ರದ ಎಳೆಗಳೆಲ್ಲ ಹಸಿರು ಕಿಲುಬು ಹಿಡಿದು ಪುಡಿಪುಡಿ.

ದಪ್ಪನೆಯ ಹೊಸ ವೈರ್ ಹಾಕಿಸಿ, ಟರ್ಮಿನಲ್ ಉಜ್ಜಿ ವ್ಯಾಸಲಿನ್ ಹಚ್ಚಿದೆವು. ಈಗ ಬ್ಯಾಟರಿಯಲ್ಲಿ 14.1. ಒಂದೇ ಸೆಲ್ಫ್‌ಗೆ ಎಂಜಿನ್ ಶುರುವಾಗ್ತಿದೆ. ಸುಮ್ನೆ ದುಡ್ಡು ಸುರಿಯಬೇಡಿ, ಮೊದಲು ಮೀಟರ್ ಹಚ್ಚಿ ಅಂದವರಿಗೆ ತುಂಬಾ ಥ್ಯಾಂಕ್ಸ್.