ಅಪ್‌ಡೇಟ್: ಹೋಯಿ ಆನ್‌ಗೆ ಹೋಗಿ ಬಂದ್ವಿ, ಅಡುಗೆ ಕ್ಲಾಸೂ ಆಯ್ತು

ವಿಯೆಟ್ನಾಂನ ಹೋಯಿ ಆನ್‌ನಲ್ಲಿ ಇರೋದು ಒಂದೇ ದಿನ, ನಾವು ಪಕ್ಕಾ ಸಸ್ಯಾಹಾರಿಗಳು, ಊರು ನೋಡಿ ಅಡುಗೆ ಕ್ಲಾಸಿಗೂ ಹೋಗಬಹುದಾ ಅಂತ ಕೇಳಿದ್ದೆನಲ್ಲ? ಧಾರಾಳವಾಗಿ ಹೋಗಬಹುದು.

ಬೆಳಿಗ್ಗೆ ಏಳಕ್ಕೇ ಹಳೇ ಪೇಟೆಗೆ ಹೋಗಿದ್ದು ಒಳ್ಳೇದಾಯ್ತು, ಜಪಾನಿ ಸೇತುವೆ ಹತ್ತಿರ ನೂಕುನುಗ್ಗಲು ಇರಲಿಲ್ಲ. ಆಮೇಲೆ ಸೈಕಲ್ ಹತ್ತಿ ತ್ರಾ ಕ್ವೆ ಹಳ್ಳಿಗೆ. ಅಲ್ಲಿ ಸೊಪ್ಪಿನ ಮಡಿಗಳಿಗೆ ನೀರಿನ ಪಾಚಿಯೇ ಗೊಬ್ಬರ! ಪುದೀನ ಕಿತ್ತುಕೊಂಡು ಅಲ್ಲೇ ಒಲೆ ಮುಂದೆ ನಿಂತ್ವಿ.

ಮಾಡಿದ್ದು ಬಾನ್ ಸೆಯೊ, ಅಂದ್ರೆ ಅಲ್ಲಿನ ದೋಸೆ. ಅಕ್ಕಿಹಿಟ್ಟು, ಅರಿಶಿನ, ನೀರು, ಅಷ್ಟೇ. ಉದ್ದಿಲ್ಲ, ಹುಳಿ ಬರಿಸೋದೂ ಇಲ್ಲ. 'ಸೆಯೊ' ಅಂದ್ರೆ ಬಾಣಲೆಗೆ ಹಿಟ್ಟು ಬಿದ್ದಾಗ ಬರೋ ಚುಂಯ್ ಸದ್ದು. ನೀರುದೋಸೆ ಹುಯ್ದು ಪಳಗಿದ ಅಮ್ಮನದು ಗರಿಗರಿ ಬಂತು. ನಂದು ಮಡಚುವಾಗಲೇ ಮೂರು ತುಂಡು.

ಒಂದು ಎಚ್ಚರಿಕೆ: ಮೊದಲೇ ಹೇಳಿದ್ರೂ ನಂಚಿಕೊಳ್ಳೋ ರಸಕ್ಕೆ ಮೀನಿನ ಸಾಸ್ ಹಾಕಿಬಿಟ್ಟಿದ್ರು. ವಾಸನೆಗೇ ಗೊತ್ತಾಯ್ತು. ಕೇಳಿದ್ಮೇಲೆ ಸೋಯಾ ಸಾಸ್‌ನಲ್ಲಿ ಬೇರೆ ಮಾಡಿಕೊಟ್ರು. 'ಚಾಯ್' ಅಂದ್ರೆ ಸಸ್ಯಾಹಾರ, ಆ ಪದ ಬಾಯಿಪಾಠ ಮಾಡ್ಕೊಂಡು ಹೋಗಿ (ಟೀ ಕೊಡಲ್ಲ, ಹೆದರಬೇಡಿ).

ಸಂಜೆ ಥು ಬೋನ್ ನದೀಲಿ ದೀಪ ಬಿಡೋ ದೋಣಿ ಹತ್ತಲಿಲ್ಲ, ಜಾತ್ರೆ ಥರ ಜನ. ದಡದಲ್ಲೇ ಕೂತು ನೋಡಿದ್ವಿ.